ಮೆತ್ತನೆಯ ಹಿಮಕ್ಕೆ ಸಪೂರ ಸ್ಕೀ ಸಲ್ಲದು

ಮಾನ್ಯ ಸಂಪಾದಕರೇ,

ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ (ಸ್ಕೀ ಎಂಬ ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿ, ಕೈಯಲ್ಲಿ ಕೋಲು ಹಿಡಿದು ಹಿಮದ ಮೇಲೆ ದೂರ ಸಾಗುವ ಆಟ) ಹೆಸರು ಮಾಡಿದ ಮೇಲೆ ನಮ್ಮ ಮೂಡಿಗೆರೆ ಕಡೆಯ ಹುಡುಗರೂ ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನತ್ತ ಮುಖ ಮಾಡುತ್ತಿದ್ದಾರೆ. ಸಂತೋಷವೇ. ಆದರೆ ಮೊನ್ನೆ ನಿಮ್ಮ ಪುರವಣಿಯ ಲೇಖನವು ಹೊಸಬರಿಗೂ ಸ್ಪರ್ಧೆಯ ಸಪೂರ ಸ್ಕೀಯನ್ನೇ ಸೂಚಿಸಿದ್ದರಿಂದ ಈ ಪತ್ರ ಬರೆಯಬೇಕಾಯಿತು.

ಸ್ಪರ್ಧೆಗಳು ನಡೆಯುವುದು ಯಂತ್ರದಿಂದ ಒತ್ತಿ ಗಟ್ಟಿ ಮಾಡಿದ ಹಾದಿಯಲ್ಲಿ. ಅಲ್ಲಿಗೆ ಸುಮಾರು 44 ಮಿ.ಮೀ. ಅಗಲದ ಸ್ಕೀ ಸಾಕು. ರಾತ್ರಿ ಸುರಿದ ಹೊಸ ಹಿಮದಲ್ಲಿ ಅದೇ ಸ್ಕೀ ಹೂತುಹೋಗುತ್ತದೆ. ನಮ್ಮಲ್ಲಿ ಕೆಸರುಗದ್ದೆ ಓಟ ಓಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ದ ಅಷ್ಟೇ ಇದ್ದು ಅಗಲ 62 ಮಿ.ಮೀ. ಆದರೆ ಮೈಭಾರ ಹೊರುವ ಜಾಗ ಶೇ 40ರಷ್ಟು ಹೆಚ್ಚುತ್ತದೆ. ಅಗಲವೊಂದೇ ಸಾಲದು, ಮೂತಿಯೂ ಮೆದುವಾಗಿ ಬಾಗುವಂತಿರಬೇಕು. ಬಿರುಸಾದ ಸ್ಕೀಯ ಮೂತಿ ಹಿಮದ ಮೇಲೇರುವ ಬದಲು ನೇಗಿಲಿನಂತೆ ಒಳಗೆ ನುಗ್ಗುತ್ತದೆ.

ಎರಡು ವರ್ಷದ ಹಿಂದೆ ಬಾಡಿಗೆ ಅಂಗಡಿಯವರು ಕೊಟ್ಟ ಸಪೂರ ಜೋಡಿಯನ್ನು ಕಟ್ಟಿಕೊಂಡು ದೇವದಾರು ಮರಗಳ ನಡುವೆ ನಾನೂ ಹೊರಟಿದ್ದೆ. (ಈ ವಯಸ್ಸಿನಲ್ಲಿ ಇದು ಬೇಕಿತ್ತೇ ಎಂದು ಮನೆಯಲ್ಲಿ ಕೇಳಿದ್ದು ಬೇರೆ ಮಾತು.) ಕೋಲು ಹಿಮದಲ್ಲಿ ಹೂತುಹೋಗದಂತೆ ತಡೆಯಲು ಅದರ ತುದಿಯಲ್ಲಿರುವ ಬಿಲ್ಲೆ ಅಂಗೈಯ ಅರ್ಧದಷ್ಟೂ ಇರಲಿಲ್ಲ. ಬಿದ್ದಾಗ ಏಳಲೆಂದು ಊರಿದರೆ ಕೋಲು ಮುಷ್ಟಿಯವರೆಗೂ ಇಳಿಯಿತು. ಜೊತೆಗಿದ್ದ ಸ್ಥಳೀಯನೊಬ್ಬ ಎರಡೂ ಕೋಲುಗಳನ್ನು ಗುಣಾಕಾರ ಚಿಹ್ನೆಯಂತೆ ಹಿಮದ ಮೇಲೆ ಅಡ್ಡ ಮಲಗಿಸಿ, ಅವು ಕೂಡುವಲ್ಲಿ ಕೈಯೊತ್ತಿ ಏಳಲು ತೋರಿಸಿಕೊಟ್ಟ. ಅಗಲವಾದ ದುಂಡು ಬಿಲ್ಲೆಯ ಬೆಲೆ ಅಂದು ತಿಳಿಯಿತು.

ನಡಿಗೆಯೂ ಬದಲಾಗಬೇಕು. ಸ್ಕೇಟಿಂಗ್ ಶೈಲಿಯಲ್ಲಿ ಸ್ಕೀಯ ಅಂಚಿನಿಂದ ತಳ್ಳಲು ಗಟ್ಟಿ ನೆಲ ಬೇಕು. ಮೆತ್ತನೆಯ ಹಿಮದಲ್ಲಿ ಆ ಅಂಚೇ ಮುಳುಗುವುದರಿಂದ ಬಲಗೈಯೊಡನೆ ಎಡಗಾಲು, ಎಡಗೈಯೊಡನೆ ಬಲಗಾಲು ಆಡಿಸುವ ಹಳೆಯ ಕ್ಲಾಸಿಕ್ ನಡಿಗೆಯೇ ಲೇಸು, ಅದೂ ಗಿಡ್ಡ ಹೆಜ್ಜೆಗಳಲ್ಲಿ, ಕಾಲು ಝಾಡಿಸದೆ. ಇಳಿಜಾರಿನಲ್ಲಿ ಎರಡೂ ಕಾಲಿಗೆ ಸಮಭಾರ ಹಂಚದಿದ್ದರೆ ಭಾರ ಬಿದ್ದ ಸ್ಕೀ ಆಳಕ್ಕಿಳಿದು ಮಗುಚಿಹಾಕುತ್ತದೆ. ಹಾದಿ ತುಳಿಯುವ ಕೆಲಸವನ್ನು ತಂಡದವರು ಸರದಿಯ ಮೇಲೆ ಹಂಚಿಕೊಳ್ಳಬೇಕು. ಮುಂದಿರುವವನ ದಣಿವು ಹಿಂದಿನವರಿಗೆ ಕಾಣುವುದೇ ಇಲ್ಲ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಿ, ಬಾಡಿಗೆಗೆ ಪಡೆಯುವ ಮುನ್ನ ಸ್ಕೀಯ ಅಗಲವನ್ನೂ ಕೋಲಿನ ಬಿಲ್ಲೆಯನ್ನೂ ನೋಡಿಕೊಳ್ಳುವಂತೆ ಓದುಗರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ