ಸಹಿ ಹಾಕಿದ ಖಾಲಿ ಫಾರ್ಮು, ಗಡಿ ದಾಟದ ಆರ್‌ಸಿ: ಕೇರಳದ ಸಾರಿಗೆ ಸಚಿವರಿಗೆ ಕಾಸರಗೋಡಿನಿಂದ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,
ಕೇರಳ ಸರಕಾರ, ತಿರುವನಂತಪುರ

ಮಾನ್ಯರೇ,

ತಲಪಾಡಿ ದಾಟಿ ಹೊಸಂಗಡಿ, ಉಪ್ಪಳ, ಕುಂಬಳೆ ಎಂದು ದಕ್ಷಿಣಕ್ಕೆ ಬರುವಾಗ ಸೆಕೆಂಡ್ ಹ್ಯಾಂಡ್ ಗಾಡಿಗಳ ಯಾರ್ಡುಗಳಲ್ಲಿ ನಿಂತ ಕಾರುಗಳ ನಂಬರ್ ಪ್ಲೇಟುಗಳನ್ನೊಮ್ಮೆ ಓದಿ ನೋಡಬೇಕು. ಕೆಎಲ್ 14, ಕೆಎಲ್ 60ರ ನಡುನಡುವೆ ಮಂಗಳೂರಿನ ಕೆಎ 19, ಪುತ್ತೂರಿನ ಕೆಎ 21, ಬಂಟ್ವಾಳದ ಕೆಎ 70. ಆಸ್ಪತ್ರೆಗೂ ಕಾಲೇಜಿಗೂ ಮದುವೆಯ ಜವಳಿಗೂ ಮಂಗಳೂರಿಗೇ ಹೋಗುವ ಊರಿನವರು ಗಾಡಿಯನ್ನೂ ಅಲ್ಲಿಯದೇ ಕೊಳ್ಳುವುದರಲ್ಲಿ ವಿಶೇಷವೇನಿಲ್ಲ. ಗಾಡಿ ಗಡಿ ದಾಟುವುದು ಐದು ನಿಮಿಷದ ಕೆಲಸ. ಅದರ ಆರ್‌ಸಿ, ಅಂದರೆ ನೋಂದಣಿ ಪತ್ರ, ಗಡಿ ದಾಟುವುದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ಅದು ದಾಟುವುದೇ ಇಲ್ಲ.

ಹಳೆ ಗಾಡಿಯ ವ್ಯಾಪಾರದಲ್ಲಿ ಮೋಸ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಇಂಜಿನ್ನು, ಮೀಟರು. ಅದೂ ಇದೆ, ಮುಂದೆ ಬರೆಯುತ್ತೇವೆ. ಆದರೆ ಇಂಜಿನ್ ಕೆಟ್ಟರೆ ಮೆಕ್ಯಾನಿಕ್ ಇದ್ದಾನೆ, ಪೇಪರ್ ಕೆಟ್ಟರೆ ಯಾರೂ ಇಲ್ಲ. ಈ ಪತ್ರ ಮುಖ್ಯವಾಗಿ ಪೇಪರಿನ ಬಗ್ಗೆ.

ನಡೆಯುವುದು ಹೀಗೆ. ಮಂಗಳೂರಿನ ಮಾಲಿಕ ಗಾಡಿಯನ್ನು ಯಾರ್ಡಿಗೆ ಬಿಡುವಾಗ ಮಾಲಿಕತ್ವ ವರ್ಗಾವಣೆಯ ಫಾರ್ಮ್ 29, ಫಾರ್ಮ್ 30, ಎನ್‌ಒಸಿ (ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಅರ್ಜಿಯ ಫಾರ್ಮ್ 28 ಎಲ್ಲಕ್ಕೂ ಸಹಿ ಹಾಕಿ ಆಧಾರ್ ನಕಲು ಕೊಟ್ಟು ಹೋಗುತ್ತಾನೆ. ಖರೀದಿದಾರನ ಹೆಸರು, ತಾರೀಕು, ಬೆಲೆ ಎಲ್ಲ ಖಾಲಿ. ನಮ್ಮ ಕಡೆ ಇದಕ್ಕೆ ‘ಓಪನ್ ಪೇಪರ್’ ಎನ್ನುತ್ತಾರೆ. ಗಾಡಿ ಎರಡು ಮೂರು ಕೈ ಬದಲಾದರೂ ದಾಖಲೆಯಲ್ಲಿ ಮೊದಲ ಮಾಲಿಕನೇ ಉಳಿಯುತ್ತಾನೆ, ಕೊನೆಗೆ ಸಿಕ್ಕಿದವನ ಹೆಸರು ತುಂಬಿಸುತ್ತಾರೆ. ಯಾರ್ಡಿನ ಹೆಸರು ಎಲ್ಲಿಯೂ ಇಲ್ಲ. ರಸೀದಿ ಕೇಳಿದರೆ ಮುಂಗಡ ಹಣದ ಒಂದು ಚೀಟಿ, ಜೊತೆಗೆ ‘ಗಾಡಿಯನ್ನು ಇದ್ದ ಹಾಗೆ ಒಪ್ಪಿಕೊಂಡಿದ್ದೇನೆ, ಮುಂದಿನ ಎಲ್ಲ ಹೊಣೆ ನನ್ನದು’ ಎಂದು ಖರೀದಿದಾರನೇ ಸಹಿ ಹಾಕಿದ ಡೆಲಿವರಿ ನೋಟ್. ಎನ್‌ಒಸಿ? ‘ಹದಿನೈದು ದಿನದಲ್ಲಿ ಬರುತ್ತದೆ.’

ಅಂತರರಾಜ್ಯ ವರ್ಗಾವಣೆಯ ಸರಪಳಿ ಉದ್ದ, ಅದರ ಒಂದೊಂದು ಕೊಂಡಿಯೂ ಹಳೆ ಮಾಲಿಕನ ಕೈಯಲ್ಲಿದೆ. ಗಾಡಿಗೆ ಸಾಲ ಇದ್ದಿದ್ದರೆ ಮೊದಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಹೈಪೋಥಿಕೇಶನ್, ಅಂದರೆ ಗಾಡಿ ಸಾಲಕ್ಕೆ ಒತ್ತೆಯಾಗಿದೆ ಎಂಬ ನಮೂದು, ತೆಗೆಸಬೇಕು. ಸಾಲ ತೀರಿದ್ದರೂ ಈ ನಮೂದು ಹಾಗೆಯೇ ಉಳಿದಿರುವ ಗಾಡಿಗಳು ಬಹಳ. ನಂತರ ಫಾರ್ಮ್ 28ರಲ್ಲಿ ಮಂಗಳೂರು ಆರ್‌ಟಿಒಗೆ ನಿರಾಕ್ಷೇಪಣಾ ಪತ್ರದ ಅರ್ಜಿ. ಇ-ಚಲನ್ ಬಾಕಿ ಇದ್ದರೆ ಅದು ಅಲ್ಲಿಯೇ ನಿಲ್ಲುತ್ತದೆ. ಒಟಿಪಿ ಹೋಗುವುದು ಹಳೆ ಮಾಲಿಕನ ಮೊಬೈಲಿಗೆ. ಆತ ಗಲ್ಫಿಗೆ ಹೋಗಿದ್ದರೆ, ನಂಬರ್ ಬದಲಿಸಿದ್ದರೆ, ತೀರಿಕೊಂಡಿದ್ದರೆ ಖರೀದಿದಾರ ಏನು ಮಾಡಬೇಕು? ಎನ್‌ಒಸಿ ಸಿಕ್ಕಿದ ಮೇಲೆ ಕಾಸರಗೋಡಿನಲ್ಲಿ ಹೊಸ ನಂಬರಿಗೆ ಫಾರ್ಮ್ 27, ಜೊತೆಗೆ 29, 30, ವಿಮೆ, ಹೊಗೆ ತಪಾಸಣೆ, ಗಾಡಿಯ ಪರಿಶೀಲನೆ. ಆಮೇಲೆ ಗಾಡಿಯ ವಯಸ್ಸು ಲೆಕ್ಕ ಹಾಕಿ ಇಲ್ಲಿನ ತೆರಿಗೆ. ಅದಕ್ಕೆ ಮೊದಲ ಖರೀದಿಯ ಬಿಲ್ ಕೇಳುತ್ತಾರೆ, ಅದು ಯಾರ್ಡಿನಲ್ಲಿ ಸಿಗುವುದಿಲ್ಲ.

ಇಲ್ಲಿ ಅನೇಕರು ಬೀಳುವ ಹೊಂಡ ಒಂದಿದೆ. ಕರ್ನಾಟಕದಲ್ಲಿ ಆಜೀವ ತೆರಿಗೆ ಕಟ್ಟಿದ ಗಾಡಿ ಕೇರಳದ ನಂಬರ್ ಪಡೆದರೆ ಉಳಿದ ಅವಧಿಯ ತೆರಿಗೆಯ ಒಂದು ಪಾಲು ಅಲ್ಲಿಂದ ವಾಪಸ್ ಪಡೆಯಲು ಅವಕಾಶವಿದೆ. ‘ರೀಫಂಡ್ ಬರುತ್ತದಲ್ಲ, ಟ್ಯಾಕ್ಸ್ ಭಾರವಾಗುವುದಿಲ್ಲ’ ಎಂದು ಹೇಳಿ ಗಾಡಿ ಮಾರುತ್ತಾರೆ. ಆ ಹಣ ಯಾರಿಗೆ ಎಂಬುದು ಕರಾರಿನಲ್ಲಿ ಬರೆದಿರುವುದಿಲ್ಲ, ಅರ್ಜಿಗೂ ಹಳೆ ಮಾಲಿಕನ ಸಹಕಾರ ಬೇಕು. ಗಾಡಿ ಮಾರಿ ಕೈ ತೊಳೆದುಕೊಂಡವನು ಇದಕ್ಕಾಗಿ ಯಾಕೆ ಓಡಾಡುತ್ತಾನೆ?

ಆರ್‌ಸಿ ಹೆಸರಿಗೆ ಆಗದ ಆ ತಿಂಗಳುಗಳಲ್ಲಿ ಗಾಡಿ ರಸ್ತೆಯಲ್ಲಿ ಓಡುತ್ತಲೇ ಇರುತ್ತದೆ. 2023ರ ಜೂನ್‌ನಿಂದ ದಂಡ ಹಾಕುತ್ತಿರುವ ನಿಮ್ಮ ಎಐ ಕ್ಯಾಮೆರಾದ ನೋಟಿಸು ಮಂಗಳೂರಿನ ಮನೆಗೆ ಹೋಗುತ್ತದೆ. ಆ ದಂಡ ಬಾಕಿಯಾಗಿ ಕೂತು ಎನ್‌ಒಸಿಯನ್ನೇ ತಡೆಯುತ್ತದೆ. ಯಾರ ತಪ್ಪಿಗೆ ಯಾರು ಕಟ್ಟಬೇಕೆಂದು ಫೋನಿನಲ್ಲಿ ಜಗಳ. ಅಪಘಾತವಾದರೆ ಇನ್ನೂ ಕಷ್ಟ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಆ ಗಾಡಿಯೂ ಹೀಗೆಯೇ ಕೈಯಿಂದ ಕೈಗೆ ಹೋಗಿತ್ತು. ವಿಮೆಯ ಕಥೆಯೂ ಬೇರೆಯಲ್ಲ. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ವರ್ಗಾವಣೆಯಾದ 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಮೂರನೆಯವರಿಗೆ ಆದ ನಷ್ಟಕ್ಕೆ ಪಾಲಿಸಿ ನಡೆಯಬಹುದು, ಸ್ವಂತ ಗಾಡಿಯ ರಿಪೇರಿಗೆ ಕ್ಲೇಮ್ ಹಾಕಿದಾಗ ‘ಪಾಲಿಸಿ ನಿಮ್ಮ ಹೆಸರಿನಲ್ಲಿ ಇಲ್ಲ’ ಎನ್ನುತ್ತಾರೆ. ಹಳೆಯವನ ನೋ ಕ್ಲೇಮ್ ಬೋನಸ್ (ಕ್ಲೇಮ್ ಹಾಕದ ವರ್ಷಗಳಿಗೆ ಪ್ರೀಮಿಯಮಿನಲ್ಲಿ ಸಿಗುವ ರಿಯಾಯಿತಿ) ಕೂಡ ಗಾಡಿಯ ಜೊತೆಗೆ ಬರುವುದಿಲ್ಲ, ಅದು ಅವನದ್ದು.

ಮಾನ್ಯರೇ, ಇದಕ್ಕೆ ಹೊಸ ಕಾನೂನು ಬೇಡ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕೇಂದ್ರೀಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಜಾರಿ ಮಾಡಿದೆ. ನೋಂದಣಿಯಾದ ಗಾಡಿಗಳನ್ನು ಕೊಂಡು ಮಾರುವವರು ಆರ್‌ಟಿಒದಿಂದ ಅಧಿಕೃತ ಡೀಲರ್ ಎಂಬ ಪ್ರಮಾಣಪತ್ರ ಪಡೆಯಬೇಕು. ಅರ್ಜಿ ಫಾರ್ಮ್ 29ಎ, ಪ್ರಮಾಣಪತ್ರ ಫಾರ್ಮ್ 29ಬಿ, ಅದರ ಅವಧಿ 5 ವರ್ಷ. ಮುಖ್ಯವಾದದ್ದು ಫಾರ್ಮ್ 29ಸಿ. ಮಾಲಿಕ ಗಾಡಿಯನ್ನು ಯಾರ್ಡಿಗೆ ಬಿಟ್ಟ ಕೂಡಲೇ ಪೋರ್ಟಲಿನಲ್ಲಿ ಇದನ್ನು ತಿಳಿಸಬೇಕು. ಆ ಕ್ಷಣದಿಂದ ಡೀಲರನೇ ಮಾಲಿಕ ಎಂದು ಕಾನೂನು ಭಾವಿಸುತ್ತದೆ. ದಂಡ, ಅಪಘಾತ ಎಲ್ಲದಕ್ಕೂ ಹೊಣೆ ಅವನದ್ದು. ಅದಕ್ಕೆ ಪ್ರತಿಯಾಗಿ ಎನ್‌ಒಸಿ, ನಕಲು ಆರ್‌ಸಿ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ಮಾಲಿಕತ್ವ ವರ್ಗಾವಣೆಗೆ ಅರ್ಜಿ ಹಾಕುವ ಅಧಿಕಾರವೂ ಅವನಿಗೆ ಸಿಗುತ್ತದೆ. ಅಂದರೆ ಗಲ್ಫಿನಲ್ಲಿರುವ ಹಳೆ ಮಾಲಿಕನ ಒಟಿಪಿಗೆ ಕಾಯುವ ಅವಸ್ಥೆಯೇ ತಪ್ಪುತ್ತದೆ. ಗಡಿನಾಡಿನ ಮುಕ್ಕಾಲು ತಲೆನೋವಿಗೆ ಮದ್ದು ಈ ಒಂದು ಫಾರ್ಮಿನಲ್ಲಿದೆ ಎಂದು ನಮ್ಮ ಅಭಿಪ್ರಾಯ. ಓಪನ್ ಪೇಪರ್ ನಡೆಯುವವರೆಗೆ ಯಾರ್ಡಿನವರಿಗೆ ಅದರ ಅಗತ್ಯ ಕಾಣುವುದಿಲ್ಲ, ಅಷ್ಟೇ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ. ಯಾರ್ಡಿನಲ್ಲಿರುವ ಗಾಡಿಯನ್ನು ಟ್ರಯಲ್, ಪ್ರದರ್ಶನ, ರಿಪೇರಿ, ತಪಾಸಣೆಗಷ್ಟೇ ಹೊರಗೆ ತೆಗೆಯಬಹುದು. ಪ್ರತಿ ಓಡಾಟವನ್ನು, ಯಾರು ಓಡಿಸಿದರು, ಎಷ್ಟು ಕಿಲೋಮೀಟರ್ ಎಂಬುದರ ಸಹಿತ, ವಿದ್ಯುನ್ಮಾನ ರಿಜಿಸ್ಟರಿನಲ್ಲಿ ಬರೆಯಬೇಕು. ಗಾಡಿ ಯಾರ್ಡಿಗೆ ಬಂದ ದಿನದ ಮೀಟರ್ ಓದನ್ನೂ 29ಸಿ ಜೊತೆಗೇ ದಾಖಲಿಸಿ ಖರೀದಿದಾರನಿಗೆ ಕಾಣುವಂತೆ ಇಟ್ಟರೆ, ಯಾರ್ಡಿನಲ್ಲಿ ಮೀಟರ್ ಹಿಂದೆ ತಿರುಗಿಸುವುದಕ್ಕೆ ಜಾಗವೇ ಉಳಿಯದು. ಈಗಿನ ಡಿಜಿಟಲ್ ಮೀಟರಿಗೆ ಸಾಧನವೊಂದನ್ನು ಜೋಡಿಸಿ ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಐವತ್ತು ಸಾವಿರ ಮಾಡುವುದು ಕಷ್ಟದ ಕೆಲಸವಲ್ಲ. ಕಷ್ಟವಾಗುವುದು ಉಳಿದ ಸಾಕ್ಷಿಗಳನ್ನು ಅಳಿಸುವುದು. ಐವತ್ತು ಸಾವಿರ ಓಡಿದ ಗಾಡಿಯ ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿರುವುದಿಲ್ಲ. ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿರುವುದಿಲ್ಲ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗಾಡಿ 2019ರದ್ದು, ಮೀಟರ್ ಮೂವತ್ತು ಸಾವಿರ, ನಾಲ್ಕು ಟಯರೂ 2023ರದ್ದು ಎಂದರೆ ಮೊದಲ ಸೆಟ್ ಎಲ್ಲಿ ಸವೆಯಿತು?

ನಮ್ಮ ಕರಾವಳಿಯ ಗಾಡಿಗಳಿಗೆ ಇನ್ನೊಂದು ರೋಗ ಉಪ್ಪುಗಾಳಿ. ಬಾನೆಟ್, ಬಾಗಿಲು ಫಳಫಳ ಹೊಳೆಯುತ್ತವೆ, ಪಾಲಿಶ್ ಅಗ್ಗ. ಜ್ಯಾಕ್ ಕೊಡುವ ಜಾಗದಲ್ಲಿ, ಬಾಗಿಲ ಕೆಳಗಿನ ಅಂಚಿನಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡಿನ ಟಣ್ ಸದ್ದು ಬರಬೇಕು. ಡಬ್ ಎಂದರೆ ಒಳಗೆ ತುಕ್ಕು ತಿಂದು ಮೇಲೆ ಹೊಸದಾಗಿ ಅಂಡರ್‌ಕೋಟಿಂಗ್ ಬಳಿದಿದ್ದಾರೆ. ನೀರಿನಲ್ಲಿ ಮುಳುಗಿದ ಗಾಡಿಯೂ ಮಾರುಕಟ್ಟೆಗೆ ಬರುತ್ತದೆ. 2018ರ ಆಗಸ್ಟಿನ ನೆರೆ ನಿಮಗೆ ಗೊತ್ತಿರುವುದೇ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಮಡಿಕೆಯೊಳಗೆ ಉಳಿದ ಕೆಸರಿನ ಗೆರೆ ಹೇಳುತ್ತದೆ. ಡಿಎಲ್ ನಂಬರಿನ ಡೀಸೆಲ್ ಗಾಡಿಗಳೂ ಇಲ್ಲಿಗೆ ಹರಿದು ಬಂದಿವೆ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಯ ಮೇಲಿನ ನಿರ್ಬಂಧವೇ ಅದಕ್ಕೆ ಕಾರಣ. ಗಾಡಿ ಚೆನ್ನಾಗಿರಬಹುದು, ಆದರೆ ಎನ್‌ಒಸಿಯ ಮೂಲ ಪ್ರತಿ ಕೈಗೆ ಬಾರದೆ ಮುಂಗಡ ಕೊಟ್ಟವನು ಸಿಕ್ಕಿಬಿದ್ದ ಹಾಗೆಯೇ.

ಈಗ ನಾವು ಕೇಳುವುದು. ಕಾಸರಗೋಡು, ಕಾಞಂಗಾಡು, ವೆಳ್ಳರಿಕುಂಡು ಮೂರೂ ಕಚೇರಿಗಳ ವ್ಯಾಪ್ತಿಯಲ್ಲಿ ಫಾರ್ಮ್ 29ಬಿ ಪಡೆದ ಯಾರ್ಡುಗಳ ಪಟ್ಟಿಯನ್ನು ಪ್ರಕಟಿಸಿ, ಪ್ರಮಾಣಪತ್ರವನ್ನು ಅಂಗಡಿಯ ಎದುರು ತೂಗುಹಾಕಿಸಿ. ಚೆಕ್‌ಪೋಸ್ಟಿನಲ್ಲಿ, ರಸ್ತೆ ತಪಾಸಣೆಯಲ್ಲಿ ಇನ್ಸ್‌ಪೆಕ್ಟರರು ಯಾರ್ಡಿನ ಗಾಡಿ ಎಂದು ಕಂಡರೆ 29ಸಿ ಸ್ವೀಕೃತಿ ಕೇಳಲಿ. ಖಾಲಿ ಸಹಿಯ ಫಾರ್ಮ್ 30 ಸಿಕ್ಕಿದರೆ ಅದನ್ನು ಮಾಮೂಲಿ ಎಂದು ಬಿಡುವುದು ನಿಲ್ಲಲಿ. ಕರ್ನಾಟಕದ ಸಾರಿಗೆ ಇಲಾಖೆಯೊಂದಿಗೆ ನಿಮ್ಮ ಮಟ್ಟದಲ್ಲಿ ಒಮ್ಮೆ ಮಾತಾಡಿ, ಗಾಡಿ ಮಂಗಳೂರಿನದು, ಯಾರ್ಡು ಉಪ್ಪಳದ್ದು ಆದಾಗ ಡೀಲರನೇ ಎನ್‌ಒಸಿ ಅರ್ಜಿ ಹಾಕುವ ಕ್ರಮವನ್ನು ಎರಡೂ ಕಡೆಯ ಕೌಂಟರುಗಳಿಗೆ ತಿಳಿಸಿ. ಕಾಯ್ದೆಯ 48ನೇ ಸೆಕ್ಷನ್ ಎನ್‌ಒಸಿ ಅರ್ಜಿಗೆ 30 ದಿನದ ಗಡುವು ಕೊಟ್ಟಿದೆ, ಅದರೊಳಗೆ ಉತ್ತರ ಬಾರದಿದ್ದರೆ ಎನ್‌ಒಸಿ ಕೊಟ್ಟ ಹಾಗೆ ಎಂದೂ ಹೇಳಿದೆ. ಆದರೆ ಹಾಗೆ ‘ಕೊಟ್ಟ ಹಾಗೆ’ ಆದ ಎನ್‌ಒಸಿಯನ್ನು ಹಿಡಿದುಕೊಂಡು ಬಂದವನಿಗೆ ಕಾಸರಗೋಡಿನ ಕೌಂಟರಿನಲ್ಲಿ ಏನು ಮಾಡಬೇಕೆಂದು ಬರೆದ ಸೂಚನೆ ಬೇಕು.

ಖರೀದಿದಾರನಿಗೂ ಒಂದು ಹಾಳೆ ಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಯಾರ್ಡು ಮಂಗಳೂರಿನಲ್ಲಿದ್ದರೂ ದೂರನ್ನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು, ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಬದಿಯಡ್ಕದವನು ಮಂಗಳೂರಿಗೆ ಅಲೆಯಬೇಕಾಗಿಲ್ಲ ಎಂಬುದನ್ನು ಆ ಹಾಳೆಯಲ್ಲಿ ಮೊದಲ ಸಾಲಾಗಿ ಬರೆಸಿ. ದೂರು ನಿಲ್ಲಬೇಕಾದರೆ ಯಾರ್ಡಿನ ಹೆಸರಿನ ಬಿಲ್ ಬೇಕು, ಹಣ ಬ್ಯಾಂಕಿನ ಮೂಲಕ ಯಾರ್ಡಿನ ಖಾತೆಗೆ ಹೋಗಿರಬೇಕು ಎಂಬುದು ಎರಡನೆಯ ಸಾಲು. ಆರ್‌ಸಿ ಹೆಸರಿಗೆ ಆಗುವವರೆಗೆ ಬೆಲೆಯ ಒಂದು ಭಾಗ ತಡೆಹಿಡಿಯುವ ಕರಾರು ಮಾಡಿಕೊಳ್ಳಿ ಎಂಬುದು ಮೂರನೆಯದು.

ಆ ಹಾಳೆ ಕನ್ನಡದಲ್ಲಿರಲಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಸಹಿ ಹಾಕುವವರಲ್ಲಿ ಎಷ್ಟೋ ಮಂದಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ‘ಮುಂದಿನ ಎಲ್ಲ ಹೊಣೆ ನನ್ನದು’ ಎಂಬ ಸಾಲಿನ ಕೆಳಗೆ ಅವರು ಸಹಿ ಹಾಕುವುದು ಓದದೆಯೇ. ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ಪತ್ರವ್ಯವಹಾರ ಮಾಡಲು ಕೇರಳದ 1969ರ ರಾಜಭಾಷಾ ಕಾಯ್ದೆಯಲ್ಲಿ ಅವಕಾಶವಿದೆ. ಈ ಪತ್ರವನ್ನೂ ಅದರಂತೆ ಕನ್ನಡದಲ್ಲೇ ಬರೆದಿದ್ದೇವೆ, ಉತ್ತರವನ್ನೂ ಕನ್ನಡದಲ್ಲಿ ಕೋರುತ್ತೇವೆ.

ಇತಿ,
ಗ್ಯಾರೇಜು ಮತ್ತು ಆರ್‌ಟಿಒ ಕಾಗದಪತ್ರದ ಕೆಲಸ ಬಲ್ಲ ಕೆಲವರು
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ