ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಸಮಯ ಸಿಗದು

ಮಾನ್ಯರೇ,

ದೂರದ ಎರಡು ನಗರಗಳ ನಡುವಿನ ವಿಮಾನ ಪ್ರಯಾಣದ ವಿಷಯ ಬಂದಾಗ ಪತ್ರಿಕೆಗಳೂ ಜಾಲತಾಣಗಳೂ ಕಿಲೋಮೀಟರುಗಳನ್ನು 900ರಿಂದ ಭಾಗಿಸಿ ಇಷ್ಟು ಗಂಟೆ ಎಂದು ಬರೆದುಬಿಡುತ್ತವೆ. ಅದನ್ನು ನಂಬಿ ಮುಂದಿನ ವಿಮಾನಕ್ಕೆ ಟಿಕೆಟ್ ಕಾದಿರಿಸಿದವರು ಪರದಾಡುತ್ತಾರೆ.

ಮೊದಲು ದೂರ. ಭೂಮಿ ಗುಂಡಗಿರುವುದರಿಂದ ಗೋಡೆಯ ನಕಾಶೆಯ ಮೇಲೆ ಎಳೆದ ನೇರ ಗೆರೆ ಹತ್ತಿರದ ದಾರಿಯಲ್ಲ. ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳಿಂದ ಭೂಕೇಂದ್ರದಲ್ಲಿ ಅವುಗಳ ನಡುವಿನ ಕೋನ ಕಂಡುಹಿಡಿದು, ಪ್ರತಿ ಡಿಗ್ರಿಗೆ 60 ನಾಟಿಕಲ್ ಮೈಲಿ, ಅಂದರೆ ಸುಮಾರು 111 ಕಿ.ಮೀ.ಯಂತೆ ಗುಣಿಸಬೇಕು. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಕೋನ 111 ಡಿಗ್ರಿಗೆ ತುಸು ಹೆಚ್ಚು. ದೂರ ಸುಮಾರು 12,380 ಕಿ.ಮೀ. ಈ ಗೆರೆ ಆರ್ಕ್ಟಿಕ್ ಪ್ರದೇಶದ ಮೇಲೆ ಹಾಯುತ್ತದೆ. (11 ಕಿ.ಮೀ. ಎತ್ತರದಲ್ಲಿ ಹಾರುವುದರಿಂದ ದೂರ ಬಹಳ ಹೆಚ್ಚುತ್ತದೆ ಎಂಬ ಭಾವನೆ ಹಲವರಲ್ಲಿದೆ. ಇಷ್ಟು ದೂರಕ್ಕೆ ಹೆಚ್ಚುವುದು ಸುಮಾರು 20 ಕಿ.ಮೀ. ಮಾತ್ರ.)

ಆದರೆ ವಿಮಾನ ಆ ಗೆರೆ ಹಿಡಿದೇ ಹೋಗಬೇಕೆಂದಿಲ್ಲ. ಸಮಯವನ್ನು ನಿರ್ಧರಿಸುವುದರಲ್ಲಿ ಗಾಳಿಯ ಪಾಲು ದೊಡ್ಡದು. ಗಂಟೆಗೆ 900 ಕಿ.ಮೀ. ಎಂಬುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, 100 ಕಿ.ಮೀ. ಎದುರುಗಾಳಿ ಬೀಸಿದರೆ ನೆಲದ ಲೆಕ್ಕದಲ್ಲಿ ಉಳಿಯುವುದು 800. ವಿಮಾನಗಳು ಹಾರುವ ಎತ್ತರದಲ್ಲಿ ಬೀಸುವ ವೇಗದ ಗಾಳಿಯ ಪ್ರವಾಹ, ಅಂದರೆ ಜೆಟ್ ಸ್ಟ್ರೀಮ್, ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಬಿರುಸಾಗುತ್ತದೆ. ಹಾಗಾಗಿ ನ್ಯೂಯಾರ್ಕ್–ಲಂಡನ್ ನಡುವಿನ ಸುಮಾರು 5,540 ಕಿ.ಮೀ.ಗೆ ಲಂಡನ್ನಿಗೆ ಹೋಗುವುದಕ್ಕಿಂತ ಮರಳುವಾಗ ಸಾಮಾನ್ಯವಾಗಿ ಒಂದು ಗಂಟೆಯಾದರೂ ಹೆಚ್ಚು ಬೇಕು. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ಬೆಂಬಲದಿಂದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಯೊಳಗೇ ತಲುಪಿತ್ತು. 2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದಾರಿ ಸಾವಿರ ಕಿ.ಮೀ.ಗೂ ಹೆಚ್ಚು ಉದ್ದವಾದರೂ ಬೆನ್ನ ಹಿಂದಿನ ಗಾಳಿಯಿಂದ ಪ್ರಯಾಣ ಬೇಗ ಮುಗಿಯಿತು.

ವಾಯುಪ್ರದೇಶ ಮುಚ್ಚಿದರಂತೂ ಹಳೆಯ ಅಂಕಿಗಳೆಲ್ಲ ವ್ಯರ್ಥ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಏರ್‌ನ ಹೆಲ್ಸಿಂಕಿ–ಟೋಕಿಯೊ ಹಾರಾಟ ಒಂಬತ್ತೂವರೆ ಗಂಟೆಯಿಂದ ಸುಮಾರು 13 ಗಂಟೆಗೆ ಏರಿತು. ನಿಲ್ದಾಣಗಳ ನಡುವಿನ ದೂರ ಒಂದಿಷ್ಟೂ ಬದಲಾಗಿರಲಿಲ್ಲ.

ವೇಳಾಪಟ್ಟಿಯ ಸಮಯ ಗೇಟಿನಿಂದ ಗೇಟಿಗೆ. ರನ್‌ವೇವರೆಗಿನ ಓಡಾಟ, ಸರದಿ, ಇಳಿದ ಮೇಲಿನ ಓಡಾಟ ಎಲ್ಲವೂ ಅದರಲ್ಲಿ ಸೇರಿವೆ. ಇಮಿಗ್ರೇಷನ್, ಲಗೇಜು ಸೇರಿಲ್ಲ.

ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಜುಲೈಯಲ್ಲಿ ದೆಹಲಿಯಿಂದ 14:00ಕ್ಕೆ ಹೊರಟು ಲಂಡನ್ನಿನಲ್ಲಿ 18:30ಕ್ಕೆ ಇಳಿದರೆ ನಾಲ್ಕೂವರೆ ಗಂಟೆಯೆಂದು ಕಾಣುತ್ತದೆ. ಎರಡನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ತನ್ನಿ: ದೆಹಲಿಯದರಿಂದ 5:30 ಕಳೆದರೆ 08:30, ಲಂಡನ್ನಿನದರಿಂದ 1:00 ಕಳೆದರೆ 17:30. ನಿಜವಾದ ಪ್ರಯಾಣ 9 ಗಂಟೆ. ಲಂಡನ್ನಿನ ಗಡಿಯಾರವನ್ನು ಬೇಸಿಗೆಯಲ್ಲಿ ಮಾತ್ರ ಒಂದು ಗಂಟೆ ಮುಂದಿಡುವುದರಿಂದ, ಜನವರಿಯಲ್ಲಾದರೆ ಅಲ್ಲಿನ ಸಮಯದಿಂದ ಏನನ್ನೂ ಕಳೆಯಬಾರದು.

ಹೀಗಾಗಿ, ಇಂಥ ಅಂಕಿ ಪ್ರಕಟಿಸುವಾಗ ಅದು ಅತಿ ಹತ್ತಿರದ ದೂರವೋ ಹಾರಿದ ದೂರವೋ, ಯಾವ ದಿಕ್ಕಿನ ಪ್ರಯಾಣ, ಯಾವ ತಿಂಗಳಿನ ವೇಳಾಪಟ್ಟಿ ಎಂಬುದನ್ನೂ ಜೊತೆಗೇ ಅಚ್ಚು ಹಾಕಬೇಕೆಂದು ವಿನಂತಿ.

ಇಂತಿ,
ಒಬ್ಬ ಓದುಗ