ಬೇಡ ಅಂದಿದ್ದೆನಲ್ಲ, ಅದರ ಬಗ್ಗೆ

ಪ್ರೀತಿಯ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ನಿನ್ನೆ ರಾತ್ರಿ ಒಂಬತ್ತೂವರೆಗೆ ಮನೆ ಸೇರಿದೆ, ಅಮ್ಮ ಹೇಳಿರಬೇಕು. ಮೂರು ದಿನ, ಒಂಬತ್ತು ಬೈಕು. ಎಲ್ಲರೂ ಕ್ಷೇಮವಾಗಿ ಬಂದೆವು. ಸೊಂಟ ಸ್ವಲ್ಪ ಹಿಡಿದಿದೆ, ಇವತ್ತು ರಜ ಹಾಕಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ಮತ್ತೆ ಮಾತಿಗೆ ಮಾತು ಬೆಳೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊರಡುವ ಮೊದಲು ನೀನು ಕೇಳಿದ್ದೆ. "ಅಪ್ಪ, ಮುಂದಿನ ಸಲ ನಾನೂ ಬರ್ತೀನಿ. ಹಿಂದೆ ಕೂತ್ಕೊಂಡಲ್ಲ. ಯೆಜ್ಡಿ ಓಡಿಸೋದು ಕಲಿಸು." ನಾನು ಬೇಡ ಅಂದೆ. ಯಾಕೆ ಅಂತ ಕೇಳಿದೆ. ಬೇಡ ಅಂದ್ರೆ ಬೇಡ ಅಂತ ಫೋನ್ ಇಟ್ಟೆ. ಆ ಮಾತು ಮೂರು ದಿನವೂ ನನ್ನ ಜೊತೆಗೇ ಇತ್ತು.

ಶುಕ್ರವಾರ ಬೆಳಗಿನ ಜಾವ ಮೈಸೂರು ಬಿಟ್ಟೆವು. ಹಾಸನ, ಬೇಲೂರು, ಮೂಡಿಗೆರೆ. ಅಲ್ಲಿವರೆಗೆ ಹೇಳುವಂಥದ್ದೇನಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಕಡೆಯ ಹೆದ್ದಾರಿ ಬಿಟ್ಟು ಕಳಸದ ದಾರಿ ಹಿಡಿದೆವು ನೋಡು, ಅಲ್ಲಿಂದ ಶುರು. ಮಳೆಗಾಲ ಈಗಷ್ಟೇ ಮುಗಿದಿದೆ. ದರೆಗಳಿಂದ ನೀರು ಇನ್ನೂ ಜಿನುಗುತ್ತಿದೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿದೆ. ಅರೇಬಿಕಾ ಗಿಡಗಳಲ್ಲಿ ಎಲ್ಲೋ ಒಂದೊಂದು ಹಣ್ಣು ಕೆಂಪಗೆ ಕಾಣುತ್ತದೆ. ವರ್ಷಕ್ಕೆ ಒಂದೇ ಸಲ ಮಲೆನಾಡಿಗೆ ಹೋಗು ಅಂದರೆ ನಾನು ಈ ದಿನಗಳನ್ನೇ ಕೇಳುತ್ತೇನೆ. ಇನ್ನೂ ಮುಂಚೆ ಹೋದರೆ ಮಳೆ, ಜಿಗಣೆ. ಇನ್ನೆರಡು ತಿಂಗಳು ಬಿಟ್ಟರೆ ಗುಡ್ಡದ ಹುಲ್ಲೆಲ್ಲ ಒಣಗಿರುತ್ತದೆ.

ಗುಂಪಿನಲ್ಲಿ ನನ್ನ ಜಾಗ ಯಾವಾಗಲೂ ಕೊನೆಯದು. ಟೂ ಸ್ಟ್ರೋಕ್ ಗಾಡಿ, ಹೊಗೆ ಹಿಂದಿನವರ ಮುಖಕ್ಕೆ ಹೊಡೆಯುತ್ತದೆ. ಹಾಗೆ ಹಿಂದೆ ಹೋಗಿ ಹೋಗಿ ಈಗ ಸ್ವೀಪ್, ಅಂದರೆ ಕೊನೆಯಲ್ಲಿ ಎಲ್ಲರನ್ನೂ ನೋಡಿಕೊಂಡು ಬರುವವನು, ನಾನೇ. ಕ್ಲಚ್ ಕೇಬಲ್, ಪ್ಲಗ್ಗು, ಪಂಕ್ಚರ್ ಕಿಟ್, ಔಷಧಿ ಡಬ್ಬಿ ಎಲ್ಲ ನನ್ನ ಹತ್ತಿರ. ಯಾರು ನಿಂತರೂ ನಾನು ನಿಲ್ಲಬೇಕು. ಅವರು ಹೊರಟ ಮೇಲೇ ನಾನು ಹೊರಡಬೇಕು. ಈ ಕೆಲಸ ನನಗೆ ತುಂಬಾ ಇಷ್ಟ, ಪುಟ್ಟಿ. ಮುಂದೆ ಎಂಟು ಗಾಡಿಗಳು ಒಂದೊಂದಾಗಿ ತಿರುವಿನಲ್ಲಿ ಮರೆಯಾಗಿ, ಆಮೇಲೆ ಎದುರಿನ ಗುಡ್ಡದ ರಸ್ತೆಯಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುವುದನ್ನು ನೋಡಬೇಕು. ನಾನು ಎಣಿಸುತ್ತೇನೆ. ಎಂಟೂ ಕಂಡರೆ ಸಮಾಧಾನ.

ರಾತ್ರಿ ಕಳಸದಲ್ಲಿ ಉಳಿದೆವು. ಶನಿವಾರ ಸಂಸೆ ದಾಟಿ ಕುದುರೆಮುಖ. ಅಲ್ಲಿನ ಖಾಲಿ ಕ್ವಾರ್ಟರ್ಸ್ ನೋಡಿದಾಗ ಅಜ್ಜ ನೆನಪಾದರು. 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಿತು, ಆಮೇಲೆ ಊರೇ ಖಾಲಿಯಾಯಿತು. ಅಜ್ಜ ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾದಲ್ಲಿದ್ದರಲ್ಲ, 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಎಷ್ಟೋ ದಿನ ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು, ಶರ್ಟು ಹಾಕಿಕೊಂಡು, ಅಂಗಳದಲ್ಲಿ ಈ ಗಾಡಿಯನ್ನೇ ಒರೆಸುತ್ತಾ ನಿಲ್ಲುತ್ತಿದ್ದರು. ಅದಕ್ಕೇ ಇದನ್ನು ಮಾರುವ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಎಸ್.ಕೆ. ಬಾರ್ಡರ್‌ನಲ್ಲಿ ದಾರಿ ಎರಡಾಗುತ್ತದೆ. ಒಂದು ಶೃಂಗೇರಿಗೆ, ಇನ್ನೊಂದು ಮಾಳ ಘಾಟಿ ಇಳಿದು ಕಾರ್ಕಳಕ್ಕೆ. ನಾವು ಮಾಳ ಇಳಿದು, ಹೆಬ್ರಿ ಮೇಲೆ ಬಂದು, ಆಗುಂಬೆ ಹತ್ತಬೇಕು ಅಂತ ಮಾತಾಗಿತ್ತು.

ಈ ಸಲ ಗುಂಪಿನಲ್ಲಿ ಒಬ್ಬಳು ಹುಡುಗಿ ಇದ್ದಳು. ನಿನ್ನದೇ ವಯಸ್ಸು. ಹೊಸ ಗಾಡಿ, ಘಾಟಿ ಮೊದಲ ಸಲ. ಹೊಸಬರನ್ನು ಲೀಡ್ ಮಾಡುವವರ ಹಿಂದೆಯೇ ಬಿಡುವುದು ನಮ್ಮ ಪದ್ಧತಿ, ಅವಳೂ ಎರಡನೆಯವಳಾಗಿ ಹೋಗುತ್ತಿದ್ದಳು. ಮಾಳ ಘಾಟಿ ಅರ್ಧ ಇಳಿದಿದ್ದೆ. ಒಂದು ತಿರುವಿನ ಆಚೆ ಅವಳ ಗಾಡಿ ಮಣ್ಣಿನ ಅಂಚಿನಲ್ಲಿ ನಿಂತಿತ್ತು. ಬಿದ್ದಿರಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ನೋಡುತ್ತಿದ್ದಳು, ಬೆರಳಿಗೆ ಬಕಲ್ಲೇ ಸಿಗುತ್ತಿರಲಿಲ್ಲ. ಅಷ್ಟು ನಡುಗುತ್ತಿದ್ದವು. ನಾನೇ ಬಿಚ್ಚಿಕೊಟ್ಟೆ.

"ಅಂಕಲ್, ಮುಂದಿನವರ ಸ್ಪೀಡಿಗೆ ಹೋಗೋಕೆ ನೋಡಿದೆ. ತಿರುವಲ್ಲಿ ಗಾಡಿ ಆ ಕಡೆಗೆ ಹೋಗ್ಬಿಡ್ತು. ಬಸ್ ಬಂದಿದ್ರೆ?"

ಪುಟ್ಟಿ, ನಿನಗೆ ಒಂದು ಸುಳ್ಳು ಹೇಳಿದ್ದೆ. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ನನ್ನ ಎಡಗೈಗೆ ಪ್ಲಾಸ್ಟರ್ ಹಾಕಿದ್ದರು, ನೆನಪಿದೆಯಾ? ಅದರ ಮೇಲೆ ನೀನು ಸ್ಕೆಚ್ ಪೆನ್ನಲ್ಲಿ ಚಿಟ್ಟೆ ಬರೆದಿದ್ದೆ. ಬಚ್ಚಲಲ್ಲಿ ಜಾರಿದೆ ಅಂತ ನಿನಗೆ ಹೇಳಿದ್ದೆ. ಜಾರಿದ್ದು ಬಿಸಿಲೆ ಘಾಟಿಯಲ್ಲಿ. ಮುಂದಿನ ಗಾಡಿಯ ಕೆಂಪು ದೀಪವನ್ನೇ ನೋಡಿಕೊಂಡು, ಅವರು ಹೋದ ಹಾಗೆ ಹೋಗಬೇಕು ಅಂತ ಹೋದೆ. ತಿರುವಿನೊಳಗೆ ಹೆದರಿ ಬ್ರೇಕ್ ಒತ್ತಿದೆ. ಒದ್ದೆ ಎಲೆ. ತಪ್ಪು ಪೂರ್ತಿ ನನ್ನದೇ. ಈ ವಿಷಯ ಅಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವತ್ತು ಆ ಹುಡುಗಿಗೆ ಹೇಳಿದೆ.

ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು, ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಬ್ರೇಕು, ಗೇರು ಎಲ್ಲ ತಿರುವಿನ ಮೊದಲೇ ಮುಗಿಸಿಬಿಡಬೇಕು. ಒಳಗೆ ಹೋದ ಮೇಲೆ ಗಾಡಿಗೆ ಗಾಬರಿ ಮಾಡಬಾರದು. ಕಣ್ಣು ಎಲ್ಲಿಗೆ ಹೋಗುತ್ತೋ ಗಾಡಿ ಅಲ್ಲಿಗೇ ಹೋಗುತ್ತದೆ, ಹಾಗಾಗಿ ಕಣಿವೆ ಕಡೆ ನೋಡಬಾರದು, ತಿರುವು ಮುಗಿಯುವ ಕಡೆ ನೋಡಬೇಕು. ಹೇರ್‌ಪಿನ್‌ನಲ್ಲಿ ಬಸ್ಸಿಗೆ ಪೂರ್ತಿ ರಸ್ತೆ ಬೇಕು, ಹಾರ್ನ್ ಕೇಳಿದರೆ ಕೆಳಗೇ ನಿಂತು ಜಾಗ ಬಿಡಬೇಕು. ಮತ್ತೆ, ಮುಂದಿನವರು ಕಾಣದೇ ಹೋದರೆ ಹೋಗಲಿ. ಮುಂದಿನ ಕ್ರಾಸಿನಲ್ಲಿ ಅವರು ಕಾದೇ ಕಾಯುತ್ತಾರೆ. ಅದಕ್ಕೇ ಅಲ್ವಾ ಗುಂಪಿನಲ್ಲಿ ಹೋಗುವುದು?

ನಾನು ಇಳಿಯುವಾಗ ಮಧ್ಯೆ ಮಧ್ಯೆ ರೇಸ್ ಕೊಡುವುದನ್ನು ಅವಳು ಕೇಳಿಸಿಕೊಂಡಿದ್ದಳು, ಯಾಕೆ ಅಂತ ಕೇಳಿದಳು. ನಿನಗೂ ಹೇಳಿಬಿಡುತ್ತೇನೆ. ಯೆಜ್ಡಿ ಎಂಜಿನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ. ನಾನು ಲೀಟರಿಗೆ 40 ಎಂಎಲ್ ಬೆರೆಸುತ್ತೇನೆ. ಆಕ್ಸಿಲರೇಟರ್ ಮುಚ್ಚಿಕೊಂಡು ಉದ್ದಕ್ಕೂ ಇಳಿದರೆ ಪೆಟ್ರೋಲ್ ಜೊತೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳಬಹುದು. "ಇಳಿಜಾರಲ್ಲೂ ಅದಕ್ಕೆ ತುತ್ತು ಹಾಕ್ತಾ ಇರು" ಅಂತ ಅಜ್ಜ ಹೇಳುತ್ತಿದ್ದರು.

ಅಲ್ಲಿಂದ ಮುಂದೆ ಅವಳು ನನ್ನ ಮುಂದೆಯೇ ಬಂದಳು. ಸೋಮೇಶ್ವರ ದಾಟಿ ಆಗುಂಬೆ ಹತ್ತುವಾಗ ಸಂಜೆಯಾಗಿತ್ತು. ಒಟ್ಟು 14 ಹೇರ್‌ಪಿನ್ ತಿರುವು. ನಾನು ಅವಳ ಬ್ರೇಕ್ ಲೈಟನ್ನೇ ನೋಡುತ್ತಿದ್ದೆ. ಮೊದಲ ಎರಡು ತಿರುವಿನಲ್ಲಿ ಒಳಗೆ ಹೋದ ಮೇಲೆ ಹತ್ತಿತು. ಮೂರನೆಯದರಿಂದ ಮೊದಲೇ ಹತ್ತಿ ಆರತೊಡಗಿತು. ಒಂದು ಕಡೆ ಮೇಲಿಂದ ಮಿನಿ ಬಸ್ ಬಂತು. ಎಡಕ್ಕೆ ನಿಂತಳು, ದಾರಿ ಬಿಟ್ಟಳು, ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಎತ್ತಿದಳು. ಗಾಡಿ ಒಂದಿಷ್ಟೂ ಹಿಂದೆ ಸರಿಯಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಹೆಲ್ಮೆಟ್ ಒಳಗೇ ಭೇಷ್ ಅಂದೆ.

ಮೇಲೆ ಸೂರ್ಯಾಸ್ತ ಕಾಣಲಿಲ್ಲ, ಪೂರ್ತಿ ಮಂಜು. ಎಲ್ಲರೂ ಚಹಾ ಕುಡಿಯುತ್ತಿದ್ದರು. ಅವಳು ಸ್ವಲ್ಪ ದೂರ ಹೋಗಿ ಫೋನ್ ಮಾಡಿದಳು. "ಅಪ್ಪಾ, ಆಗುಂಬೆ ಹತ್ತಿದೆ! ನಾನೇ!" ಅಷ್ಟು ಕೇಳಿಸಿತು. ನನ್ನ ಕೈಯಲ್ಲಿದ್ದ ಚಹಾ ಕುಡಿಯಲಾಗಲಿಲ್ಲ. ಬೇರೆಯವರ ಮಗಳಿಗೆ ಕಲ್ಲಿನ ಮೇಲೆ ಕೂತು ಒಂದೊಂದೂ ಬಿಡಿಸಿ ಹೇಳಿದವನು, ನನ್ನ ಮಗಳಿಗೆ ಬೇಡ ಅಂತ ಫೋನ್ ಇಟ್ಟಿದ್ದೆ. ನನಗಿದ್ದದ್ದು ಬಿಸಿಲೆಯ ಭಯ. ಅದನ್ನು ನಿನಗೆ ಹೇಳದೆ, ನಿನ್ನ ಮೇಲೆ ಹಾಕಿಬಿಟ್ಟೆ.

ಭಾನುವಾರ ಭೂಮಿ ಹುಣ್ಣಿಮೆ. ಬೆಳಿಗ್ಗೆ ಬೇಗ ಹೊರಟಿದ್ದೆವು. ರಸ್ತೆ ಪಕ್ಕದ ಗದ್ದೆಯಲ್ಲಿ ಗಂಡ ಹೆಂಡತಿ ಬುಟ್ಟಿ ಇಳಿಸಿ ಪೂಜೆ ಮಾಡುತ್ತಿದ್ದರು. ಪೈರು ಬಸುರಿ ಅಂತ ಅದಕ್ಕೆ ಬಯಕೆ ಊಟ ಬಡಿಸುವ ದಿನ. ಗಾಡಿ ಆಫ್ ಮಾಡಿ ಒಂದು ನಿಮಿಷ ನಿಂತೆ. ನೀನು ಹೊಟ್ಟೆಯಲ್ಲಿದ್ದಾಗ ಅಮ್ಮ ಆಸ್ಪತ್ರೆಗೆ ಹೋಗುತ್ತಿದ್ದದ್ದು ಇದೇ ಯೆಜ್ಡಿಯ ಹಿಂದೆ ಕೂತು. ಇಪ್ಪತ್ತರ ಮೇಲೆ ಮುಳ್ಳು ಏರಿಸುತ್ತಿರಲಿಲ್ಲ ನಾನು. ಹಾಗೆ ನೋಡಿದರೆ ಈ ಗಾಡಿಯ ಸದ್ದು ನಿನಗೆ ಎಲ್ಲರಿಗಿಂತ ಮೊದಲೇ ಗೊತ್ತು.

ಮುಂದಿನ ಶನಿವಾರ ಬಾ. ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಶುರು ಮಾಡೋಣ. ಕಿಕ್ಕರ್ರೇ ಗೇರ್ ಲಿವರ್, ಎಡಗಡೆಗೆ ಇದೆ. ಒಳಗೆ ಒತ್ತಿ ಎತ್ತಿದರೆ ಕಿಕ್ಕರ್, ಮುಂದಕ್ಕೆ ಮಡಿಸಿದರೆ ಗೇರ್. ಮೊದಲ ದಿನ ಅಷ್ಟೇ ಕಲಿತರೂ ಸಾಕು. ಬರುವಾಗ ಶೂ ಹಾಕಿಕೊಂಡು ಬಾ. ಚಪ್ಪಲಿಯಲ್ಲಿ ಬೇಡ, ಒಂದೊಂದು ಸಲ ಕಿಕ್ ವಾಪಸ್ ಹೊಡೆಯುತ್ತದೆ.

ನಿನ್ನ
ಅಪ್ಪ